13 ನಿಮಿಷದ ನಾಟಕವೂ ಕೂಲಿಯವರ ಹೊತ್ತೂ

'ಕಷ್ಟ ಇದ್ದರೇನೇ ಕಲೆ ಹುಟ್ಟೋದು' ಎಂಬ ಮಾತು ನಮ್ಮ ಸಾಹಿತ್ಯ ಸಭೆಗಳಲ್ಲಿ ಬಹಳ ದಿನದಿಂದ ಓಡಾಡುತ್ತಿದೆ. ಹೇಳುತ್ತಿರುವವರು ಯಾರು ಅಂತ ತಿರುಗಿ ನೋಡಿದರೆ ಹೆಚ್ಚಿನ ಪಾಲು ಹೊಟ್ಟೆ ತುಂಬಿದವರೇ. ಹಸಿವು ಕವಿಯನ್ನು ಹದಗೊಳಿಸುತ್ತದಂತೆ, ಅವಮಾನ ಕತೆಗಾರನಿಗೆ ವಸ್ತು ಒದಗಿಸುತ್ತದಂತೆ. ಈ ತರ್ಕವನ್ನು ಅದರ ತುದಿಯವರೆಗೂ ಹಿಡಿದುಕೊಂಡು ಹೋದರೆ, ಕೇರಿಗೆ ನಲ್ಲಿ ಹಾಕಿಸಬೇಡಿ, ಹಾಕಿಸಿದರೆ ಅಲ್ಲಿನ ಹಾಡು ಒಣಗಿಹೋಗುತ್ತದೆ ಎಂದು ಹೇಳಬೇಕಾದೀತು. ಬಾಯಿಬಿಟ್ಟು ಯಾರೂ ಹಾಗೆ ಹೇಳುವುದಿಲ್ಲ. ಆದರೆ ದಲಿತ ಬರಹಗಾರನೊಬ್ಬ ನೌಕರಿ ಹಿಡಿದು ಒಂದು ಮನೆ ಕಟ್ಟಿಕೊಂಡ ಕೂಡಲೇ 'ಮೊದಲಿನ ಕಸುವಿಲ್ಲ' ಎಂದು ತಲೆಯಾಡಿಸುವ ವಿಮರ್ಶಕರನ್ನು ನಾವೆಲ್ಲ ಕಂಡೇ ಇದ್ದೇವೆ.

ಇದಕ್ಕೆ ಎದುರಾಗಿ ನಮ್ಮ ಗೆಳೆಯರಲ್ಲೇ ಕೆಲವರು ಇನ್ನೊಂದು ತುದಿಗೆ ಹೋಗಿ ನಿಲ್ಲುತ್ತಾರೆ. ದುಡ್ಡು ಬರಲಿ, ರಂಗಮಂದಿರ ಸಿಗಲಿ, ಮೂರು ತಿಂಗಳ ತಾಲೀಮಿಗೆ ಬಿಡುವಾಗಲಿ, ಆಮೇಲೆ ನೋಡಿ ನಾವು ಏನು ಮಾಡ್ತೀವಿ ಅಂತಾರೆ. ಆ 'ಆಮೇಲೆ' ಬರುವುದೇ ಇಲ್ಲ. ಬಂದಾಗಲೂ, ದೀಪಕ್ಕೆ ಕೊರತೆ ಇಲ್ಲದೆ, ಹೊತ್ತಿಗೆ ಲೆಕ್ಕವಿಲ್ಲದೆ ಆಡಿದ ನಾಟಕಗಳು ಎಷ್ಟು ಸಪ್ಪೆಯಾಗಿರಬಲ್ಲವು ಎಂಬುದಕ್ಕೆ ನಗರದ ಹವ್ಯಾಸಿ ರಂಗಭೂಮಿಯಲ್ಲಿ ಸಾಕ್ಷಿಗಳಿಗೇನೂ ಬರವಿಲ್ಲ.

ಹಾಗಾದರೆ ಮಿತಿ ಎನ್ನುವುದು ಕಲೆಗೆ ಯಾವಾಗ ಬಲ ಕೊಡುತ್ತದೆ, ಯಾವಾಗ ಕುತ್ತಿಗೆ ಹಿಸುಕುತ್ತದೆ? ಇದನ್ನು ಬರೀ ತತ್ವದ ಮಟ್ಟದಲ್ಲಿ ಚರ್ಚಿಸಿದರೆ ಗಾಳಿಮಾತಾಗುತ್ತದೆ. ಒಂದು ನಾಟಕವನ್ನು ಕೈಗೆತ್ತಿಕೊಳ್ಳುವುದು ಲೇಸು.

ದೆಹಲಿಯ ಜನ ನಾಟ್ಯ ಮಂಚ್ 1973ರಲ್ಲಿ ಹುಟ್ಟಿದ ತಂಡ. ಮೊದಮೊದಲು ಅವರು ಆಡುತ್ತಿದ್ದದ್ದು ದೊಡ್ಡ ನಾಟಕಗಳನ್ನೇ. ವೇದಿಕೆ, ದೀಪ, ಹಿಂಡು ನಟರು, ಮುಂದೆ ದೊಡ್ಡ ಸಭೆ. ಇಂಥ ಪ್ರದರ್ಶನಗಳಿಗೆ ಕಾರ್ಮಿಕ ಸಂಘಗಳೇ ಆಸರೆ. 1975ರಲ್ಲಿ ತುರ್ತು ಪರಿಸ್ಥಿತಿ ಬಂದು ಎಲ್ಲರ ಬಾಯಿಗೂ ಬೀಗ ಬಿತ್ತು. 1977ರಲ್ಲಿ ಅದು ತೊಲಗಿದ ಮೇಲೆ ತಂಡದವರು ಮತ್ತೆ ಸಂಘಗಳ ಬಾಗಿಲಿಗೆ ಹೋದರೆ ಅಲ್ಲಿ ಗಲ್ಲಾ ಖಾಲಿ. ದೊಡ್ಡ ನಾಟಕವನ್ನು ಜನರ ಹತ್ತಿರಕ್ಕೆ ಒಯ್ಯಲು ಆಗದಿದ್ದರೆ ಸಣ್ಣ ನಾಟಕವನ್ನು ಒಯ್ಯೋಣ ಎಂದು ಸಫ್ದರ್ ಹಾಶ್ಮಿ ಮತ್ತು ಗೆಳೆಯರು ತೀರ್ಮಾನ ಮಾಡಿದರು. ಈ ತೀರ್ಮಾನದ ಹಿಂದೆ ಯಾವ ಸೌಂದರ್ಯ ಮೀಮಾಂಸೆಯೂ ಇರಲಿಲ್ಲ. ಕೈಯಲ್ಲಿ ಕಾಸಿರಲಿಲ್ಲ, ಅಷ್ಟೆ.

1978ರ ಅಕ್ಟೋಬರಿನಲ್ಲಿ ಅವರು ಆಡಿದ ಮೊದಲ ಬೀದಿ ನಾಟಕ 'ಮಷೀನ್'. ಹೊತ್ತು ಸುಮಾರು 13 ನಿಮಿಷ. ವಸ್ತು ಗಾಜಿಯಾಬಾದಿನ ಕಾರ್ಖಾನೆಯೊಂದರಲ್ಲಿ ನಡೆದದ್ದು. ಅಲ್ಲಿನ ಕಾರ್ಮಿಕರು ಕೇಳಿದ್ದು ಎರಡೇ: ಸೈಕಲ್ ನಿಲ್ಲಿಸಲು ಒಂದು ಜಾಗ, ಕೂತು ಚಾ ಕುಡಿಯಲು ಒಂದು ಕ್ಯಾಂಟೀನು. ಸಿಕ್ಕಿದ್ದು ಕಾವಲಿನವರ ಗುಂಡು. ಆರು ಜನ ಸತ್ತರು.

ಈ ವಸ್ತು ಸಾಕಷ್ಟು ಹಣವಿರುವ ನಾಟಕಕಾರನ ಕೈಗೆ ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ ನೋಡಿ. ಮೊದಲ ಅಂಕದಲ್ಲಿ ಕಾರ್ಮಿಕನ ಗುಡಿಸಲು, ಕೆಮ್ಮುವ ಹೆಂಡತಿ, ಎಣ್ಣೆ ದೀಪ. ಎರಡನೆಯದರಲ್ಲಿ ಮಾಲೀಕನ ಬಂಗಲೆ. ಮೂರನೆಯದರಲ್ಲಿ ಕಾರ್ಖಾನೆ, ರಟ್ಟು ಹಲಗೆಯಲ್ಲಿ ಮಾಡಿದ ಯಂತ್ರ, ಕೆಂಪು ದೀಪ, ಗುಂಡಿನ ಸದ್ದು. ಪ್ರೇಕ್ಷಕ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದ. ಜನ ನಾಟ್ಯ ಮಂಚ್‌ನವರ ಹತ್ತಿರ ರಟ್ಟೂ ಇರಲಿಲ್ಲ, ಹಲಗೆಯೂ ಇರಲಿಲ್ಲ. ಆದ್ದರಿಂದ ನಟರೇ ಯಂತ್ರವಾದರು. ಒಬ್ಬರ ಕೈ ಇನ್ನೊಬ್ಬರ ಹೆಗಲಿಗೆ, ಒಬ್ಬರ ಬಾಗು ಮತ್ತೊಬ್ಬರ ಏಳುವಿಗೆ ಜೋಡಿಸಿಕೊಂಡು, ಬಾಯಲ್ಲೇ ಯಂತ್ರದ ಸದ್ದು ಹೊರಡಿಸುತ್ತ ನಿಂತರು. ಆ ಯಂತ್ರ ಓಡುತ್ತದೆ. ಓಡುತ್ತ ಓಡುತ್ತ ತಟ್ಟನೆ ನಿಲ್ಲುತ್ತದೆ. ಯಾಕೆ ನಿಂತಿತು ಎಂದು ಸೂತ್ರಧಾರ ಬಂದು ಕೇಳುತ್ತಾನೆ. ನಾಟಕ ಶುರುವಾಗುವುದು ಅಲ್ಲಿಂದ.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಕಾರ್ಮಿಕ, ಮಾಲೀಕ, ಕಾವಲಿನವನು ಮೂವರೂ ಒಂದೇ ಯಂತ್ರದ ಭಾಗಗಳಾಗಿ ಕೂಡಿಕೊಂಡಿದ್ದಾರೆ. ಅದರೊಳಗಿಂದಲೇ ಹೊರಗೆ ಬಂದು ಮಾತಾಡುತ್ತಾರೆ. ಯಂತ್ರ ಎಂದರೆ ಕಬ್ಬಿಣವಲ್ಲ, ಮನುಷ್ಯರ ನಡುವಿನ ಒಂದು ಏರ್ಪಾಡು. ಅದನ್ನು ಓಡಿಸುವುದು ದುಡಿಯುವವನ ಮೈ, ಅವನು ಕೈ ತೆಗೆದರೆ ಅದು ನಿಂತುಬಿಡುತ್ತದೆ. ಬಂಡವಾಳಶಾಹಿಯ ಬಗ್ಗೆ ನಾವು ಅಧ್ಯಯನ ಶಿಬಿರಗಳಲ್ಲಿ ಎರಡು ದಿನ ಕೂತು ಕೇಳಿ ಅರ್ಧ ಮರೆಯುವ ವಿಷಯ ಇಲ್ಲಿ ಒಂದು ನಿಮಿಷದಲ್ಲಿ ಕಣ್ಣಿಗೆ ಕಟ್ಟುತ್ತದೆ. ರಟ್ಟಿನ ಯಂತ್ರ ಇದ್ದಿದ್ದರೆ ಅದು ಹಿಂದೆ ನಿಲ್ಲುವ ಒಂದು ಪರದೆಯಾಗಿ ಉಳಿಯುತ್ತಿತ್ತು. ಕಾಸಿಲ್ಲದ್ದರಿಂದ ವಿಚಾರವೇ ಆಕಾರ ಪಡೆಯಿತು. ಮಿತಿ ಕಲೆಗೆ ಬಲ ಕೊಡುತ್ತದೆ ಎನ್ನುವವರು ಸಾಮಾನ್ಯವಾಗಿ 'ಇದ್ದುದರಲ್ಲೇ ಹೇಗೋ ಸಂಭಾಳಿಸಿದರು' ಎಂದು ಮೆಚ್ಚುತ್ತಾರೆ. ನಮ್ಮ ಮೆಚ್ಚುಗೆ ಬೇರೆ. ಇವರು ಸಂಭಾಳಿಸಲಿಲ್ಲ, ಇಲ್ಲದ ಸಾಮಾನಿನ ಜಾಗದಲ್ಲಿ ಸಾಮಾನಿಗಿಂತ ನಿಜವಾದದ್ದನ್ನು ತಂದು ನಿಲ್ಲಿಸಿದರು.

ಇನ್ನು ಆ 13 ನಿಮಿಷ. ಕಾರ್ಖಾನೆ ಗೇಟಿನ ಮುಂದೆ ನಾಟಕ ಆಡುವವನಿಗೆ ಸಿಗುವುದು ಊಟದ ಬಿಡುವು, ಇಲ್ಲವೇ ಪಾಳಿ ಮುಗಿದು ಜನ ಹೊರಗೆ ಬರುವ ಗಳಿಗೆ. ಊಟದ ಬಿಡುವಿನಲ್ಲಿ ಕಾರ್ಮಿಕ ಉಣ್ಣಬೇಕು, ಬೀಡಿ ಸೇದಬೇಕು, ನೀರು ಕುಡಿಯಬೇಕು. ಅವನ ದಿನದಲ್ಲಿ ಅವನದೇ ಆದ ಹೊತ್ತು ಇರುವುದೇ ಅಷ್ಟು, ಅದರಲ್ಲಿ ನಾವು ಪಾಲು ಕೇಳುತ್ತಿದ್ದೇವೆ. ಎರಡೂವರೆ ಗಂಟೆಯ ನಾಟಕಕ್ಕೆ ಬರುವವನು ಟಿಕೆಟ್ಟಿನ ಜೊತೆ ತನ್ನ ಸಂಜೆಯನ್ನೇ ನಾಟಕಕಾರನ ಕೈಗೆ ಕೊಟ್ಟುಬಿಟ್ಟಿರುತ್ತಾನೆ. ಅವನನ್ನು ಮೊದಲ ಅಂಕದಲ್ಲಿ ಸ್ವಲ್ಪ ಬೇಸರ ಪಡಿಸಿದರೂ ಎದ್ದುಹೋಗುವುದಿಲ್ಲ. ಗೇಟಿನ ಮುಂದಿನ ಮನುಷ್ಯ ಹಾಗಲ್ಲ, ಒಂದು ಸಾಲು ಸುಳ್ಳಾದರೆ ಸೈಕಲ್ ಹತ್ತಿಬಿಡುತ್ತಾನೆ. ನಾಟಕದಿಂದ ಕಸವನ್ನೆಲ್ಲ ಕಿತ್ತೊಗೆದದ್ದು ಈ ಮನುಷ್ಯನ ಮೇಲಿನ ಗೌರವ. ಮಷೀನ್‌ನ ಮಾತು ತುಂಡು ತುಂಡಾಗಿ, ಲಯದಲ್ಲಿ, ಯಂತ್ರದ ಬಡಿತಕ್ಕೆ ಹೊಂದಿಕೊಂಡು ಬರುತ್ತದೆ. ಅದನ್ನು ಕೇಳಿದವರು ಟೇಪಿನಲ್ಲಿ ಹಿಡಿದುಕೊಂಡು ಹೋಗಿ ತಮ್ಮ ಊರುಗಳಲ್ಲಿ ಮತ್ತೆ ಕಟ್ಟಿ ಆಡಿದರು. ಎರಡೂವರೆ ಗಂಟೆಯ ನಾಟಕವನ್ನು ಹೀಗೆ ಜೇಬಿನಲ್ಲಿಟ್ಟುಕೊಂಡು ಹೋಗಲಾಗುವುದಿಲ್ಲ.

ಮರುವರ್ಷ, ಅಂದರೆ 1979ರಲ್ಲಿ, ದೆಹಲಿಯ ಬಸ್ ದರ ಏರಿದಾಗ ಇದೇ ತಂಡ ಆ ಸುದ್ದಿ ಹಳತಾಗುವ ಮೊದಲೇ ಒಂದು ನಾಟಕ ಕಟ್ಟಿ ಬಸ್ ಕಾಯುವ ಜನರ ಮುಂದೆ ನಿಂತಿತು. ಅದು ದೊಡ್ಡ ನಾಟಕವೆಂದು ನಮಗೇನೂ ಅನ್ನಿಸುವುದಿಲ್ಲ. ಪತ್ರಿಕೆಯ ವ್ಯಂಗ್ಯಚಿತ್ರದ ಹಾಗೆ ಅದರ ಆಯುಷ್ಯ ಕಡಿಮೆ, ಆ ಕೆಲಸಕ್ಕೆ ಅಷ್ಟು ಸಾಕು. ಅವಸರದಲ್ಲಿ ಮಾಡಿದ್ದೆಲ್ಲ ಮಷೀನ್ ಆಗುವುದಿಲ್ಲ ಎಂಬುದನ್ನೂ ಇಲ್ಲಿ ಗುರುತು ಹಾಕಿಕೊಳ್ಳಬೇಕು.

ಕರ್ನಾಟಕದಲ್ಲಿ 1975ರಲ್ಲಿ ಹುಟ್ಟಿದ ಸಮುದಾಯ ತಂಡವೂ ಇದೇ ವರ್ಷಗಳಲ್ಲಿ ಬೀದಿಗೆ ಇಳಿಯಿತು. 1977ರ ಮೇ ತಿಂಗಳಲ್ಲಿ ಬಿಹಾರದ ಬೆಲ್ಚಿಯಲ್ಲಿ ದಲಿತರನ್ನು ಕೊಂದು ಬೆಂಕಿಗೆ ಹಾಕಿದ ಸುದ್ದಿಯನ್ನು ಸಿ.ಜಿ. ಕೃಷ್ಣಸ್ವಾಮಿ ನಿರ್ದೇಶನದಲ್ಲಿ ಅವರು ಊರೂರಿಗೆ ಹೊತ್ತರು. 'ಬೆಲ್ಚಿ'ಯ ಮಟ್ಟಿಗೆ ನಾವು ಹೇಳಬೇಕಾದ್ದು ಹೊತ್ತಿಗಿಂತ ಹೆಚ್ಚಾಗಿ ಜಾಗದ ವಿಷಯ. ಬೀದಿ ನಾಟಕದ ಪುಸ್ತಕಗಳಲ್ಲಿ 'ಪ್ರೇಕ್ಷಕರು ಸುತ್ತಲೂ ವೃತ್ತವಾಗಿ ನಿಲ್ಲುತ್ತಾರೆ' ಎಂದು ಸಲೀಸಾಗಿ ಬರೆದಿರುತ್ತದೆ. ಯಾವ ಊರಿನಲ್ಲಿ ಸ್ವಾಮಿ? ದೆಹಲಿಯ ಕಾರ್ಖಾನೆ ಗೇಟಿನಲ್ಲಿ ನಿಂತೀತು. ನಮ್ಮ ಹಳ್ಳಿಗಳಲ್ಲಿ ಗುಡಿ ಮುಂದೆ ಆಡಿದರೆ ಕೇರಿಯವರು ಬಂದರೂ ದೂರದ ಬೇಲಿ ಪಕ್ಕ ನಿಲ್ಲುತ್ತಾರೆ. ಚಾವಡಿ ಮುಂದೆ ಆಡಿದರೆ ಜಗಲಿ ಮೇಲೆ ಕೂರುವವರು ಯಾರು, ನೆಲದಲ್ಲಿ ಕುಕ್ಕರಗಾಲಲ್ಲಿ ಕೂರುವವರು ಯಾರು ಎಂಬುದು ಮೊದಲೇ ನಿಗದಿಯಾಗಿರುತ್ತದೆ. ಕೇರಿಯೊಳಗೆ ಆಡಿದರೆ ಊರಿನವರು ಬರುವುದೇ ಇಲ್ಲ, ಬಂದರೆ ನಾಟಕ ನೋಡಲು ಬಂದಿರುವುದಿಲ್ಲ. ಹೀಗಿರುವಾಗ ಜಾಗ ಆರಿಸುವುದೇ ನಾಟಕದ ಮೊದಲ ದೃಶ್ಯ. ಸುತ್ತ ನಿಲ್ಲಿ ಅಂತ ನಟ ಕೂಗಿ, ಜನ ಒಂದು ಹೆಜ್ಜೆ ಮುಂದೆ ಬಂದು, ಒಬ್ಬನ ತೋಳು ಇನ್ನೊಬ್ಬನ ತೋಳಿಗೆ ತಾಗಿತು ಎಂದರೆ ಮಾತು ಶುರುವಾಗುವ ಮೊದಲೇ ಏನೋ ನಡೆದುಹೋಯಿತು. ತಾಗಲಿಲ್ಲ ಎಂದರೆ ಆ ನಡುವಿನ ಬರಿದು ಜಾಗವೂ ನಾಟಕದೊಳಗೆ ಸೇರಿತು. ರಂಗಮಂದಿರದಲ್ಲಿ ಕುರ್ಚಿಗೆ ನಂಬರ್ ಹಾಕಿರುವುದರಿಂದ ಈ ಸಂಕಟ ಇಲ್ಲ, ಈ ಅವಕಾಶವೂ ಇಲ್ಲ. ಬೀದಿ ನಾಟಕದ ಬಗ್ಗೆ ಬರೆಯುವ ನಮ್ಮ ವಿಮರ್ಶಕರು ಸಂಭಾಷಣೆ, ಹಾಡು, ಚಲನೆ ಎಲ್ಲವನ್ನೂ ಅಳೆಯುತ್ತಾರೆ. ಈ ಬರಿದು ಜಾಗವನ್ನು ಅಳೆದವರು ಕಡಿಮೆ.

ಇಷ್ಟು ಹೇಳಿದ ಮೇಲೆ, ಮೊದಲು ಎತ್ತಿದ ಆ ಸುಳ್ಳಿಗೆ ಹಿಂದಿರುಗಬೇಕು. ಏಕೆಂದರೆ ಮಿತಿಯ ಹೊಗಳಿಕೆ ಇಲ್ಲಿಗೇ ನಿಂತರೆ ಅದನ್ನು ಎತ್ತಿಕೊಂಡು ಹೋಗುವವರು ಬೇರೆಯವರು.

ಬೀಸುವ ಪದಗಳನ್ನು ತೆಗೆದುಕೊಳ್ಳಿ. ಮಿತಿಯಿಂದ ಕಲೆ ಹುಟ್ಟಿದ್ದಕ್ಕೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ನಿದರ್ಶನ ಸಿಗುವುದು ಕಷ್ಟ. ಕೋಳಿ ಕೂಗುವ ಮೊದಲೇ ಎದ್ದು, ಮನೆ ಮಂದಿಗೆಲ್ಲ ಹಿಟ್ಟು ಆಗಬೇಕೆಂದು ಕಲ್ಲಿನ ಮುಂದೆ ಕೂತ ಹೆಂಗಸು. ಒಂದು ಕೈ ಗೂಟದ ಮೇಲೆ, ಇನ್ನೊಂದು ಕೈ ಕಾಳು ಹಾಕಲು. ಬರೆದುಕೊಳ್ಳಲು ಕೈಯಿಲ್ಲ, ಅಕ್ಷರವನ್ನಂತೂ ಯಾರೂ ಕೊಟ್ಟಿರಲಿಲ್ಲ. ಕಲ್ಲು ಸುತ್ತುವ ಲಯಕ್ಕೆ ಮೂರು ಸಾಲು ಹೊಂದಬೇಕು. ಹಾಡುವಾಗ ಎರಡನೆಯ ಸಾಲಿನ ಒಂದು ಭಾಗವನ್ನು ಮರಳಿ ಎತ್ತಿಕೊಳ್ಳುತ್ತಾರಲ್ಲ, ಆ ಮರಳಿಕೆಯ ಹೊತ್ತಿನಲ್ಲೇ ಮೂರನೆಯ ಸಾಲು ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಿತ್ತು ಎಂದು ನಾವು ತಿಳಿಯುತ್ತೇವೆ. ತವರು, ಅಣ್ಣ, ಅತ್ತೆ, ಸತ್ತ ಮಗು, ಮಳೆ, ದೇವರ ಮೇಲಿನ ಸಿಟ್ಟು, ಎಲ್ಲವೂ ಆ ಮೂರು ಸಾಲಿನಲ್ಲಿ ಹಿಡಿಸಿದವು. ನಮ್ಮ ಪಂಡಿತರು ಗ್ರಂಥಗಟ್ಟಲೆ ಬರೆದು ಹಿಡಿಯಲಾರದ್ದು ಹಿಡಿಸಿತು.

1931ರಲ್ಲಿ ಹಲಸಂಗಿಯ ಗೆಳೆಯರು ಇಂಥ ಹಾಡುಗಳನ್ನು ಕೂಡಿಸಿ 'ಗರತಿಯ ಹಾಡು' ಎಂದು ಹೊರತಂದರು. ಉಪಕಾರದ ಕೆಲಸವೇ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಆ 'ಗರತಿ' ಎಂಬ ಹೆಸರಿನ ಮುಂದೆ ಒಂದು ಗಳಿಗೆ ನಿಲ್ಲಬೇಕಾಗುತ್ತದೆ. ಹಾಡಿದವಳು ದುಡಿಯುವವಳು, ಹೆಸರು ಸಿಕ್ಕಿದ್ದು ಅವಳ ಶೀಲಕ್ಕೆ. ಆಮೇಲೆ ಬಂದ ಜಾನಪದ ವಿದ್ವಾಂಸರಲ್ಲಿ ಹಲವರು ಹಿಟ್ಟಿನ ಗಿರಣಿ ಬಂತು, ಹಾಡು ಹೋಯಿತು ಎಂದು ಹಲುಬಿದ್ದಾರೆ. ಗಿರಣಿ ಬಂದ ದಿನ ಊರಿನ ಯಾವ ಹೆಂಗಸಾದರೂ ಹಲುಬಿದಳೆ? ರಾಗಿ ಹೊತ್ತುಕೊಂಡು ಹೋಗಿ ಸಾಲಿನಲ್ಲಿ ನಿಂತಳು. ಅವಳ ರಟ್ಟೆಗೆ ಆವತ್ತು ಮೊದಲ ಬಾರಿಗೆ ಬಿಡುವು ಸಿಕ್ಕಿತು. ಆ ಹಾಡುಗಳಿಗೆ ಕೊಟ್ಟ ಬೆಲೆ ಏನೆಂದು ಅವಳಿಗೆ ಗೊತ್ತಿತ್ತು. ಪುಸ್ತಕ ಓದಿ ತಲೆದೂಗುವ ನಮಗೆ ಗೊತ್ತಿಲ್ಲ. ಕೇಳಬೇಕಾಗಿದ್ದ ಪ್ರಶ್ನೆ ಒಂದೇ: ಕಲ್ಲಿನಿಂದ ಉಳಿದ ಆ ಹೊತ್ತು ಅವಳಿಗೇ ಉಳಿಯಿತೇ, ಇಲ್ಲ ಬೇರೊಂದು ದುಡಿಮೆ ನುಂಗಿತೇ? ಉಳಿದಿದ್ದರೆ ಮೂರು ಸಾಲಿನವಳು ಮುನ್ನೂರು ಪುಟದ ಕಾದಂಬರಿಯನ್ನೇ ಬರೆಯುತ್ತಿದ್ದಳೇನೋ.

ಅಣ್ಣಾಭಾವು ಸಾಠೆಯವರ ಹೆಸರನ್ನೂ ಈ ಸಂದರ್ಭದಲ್ಲಿ ಎಳೆದು ತರುವುದುಂಟು. 1920ರಲ್ಲಿ ಮಹಾರಾಷ್ಟ್ರದ ವಾಟೇಗಾಂವ್‌ನಲ್ಲಿ ಮಾಂಗ್ ಜಾತಿಯಲ್ಲಿ ಹುಟ್ಟಿ, ಶಾಲೆಯ ಮುಖ ನೋಡಿದೆವು ಅನ್ನುವಷ್ಟು ಓದಿ, ಮುಂಬಯಿಯಲ್ಲಿ ಕೂಲಿ ಮಾಡುತ್ತ, ಅಮರ್ ಶೇಖ್, ಗವಾಣ್ಕರ್ ಜೊತೆ 1944ರಲ್ಲಿ ಲಾಲ್ ಬಾವಟಾ ಕಲಾಪಥಕ್ ಕಟ್ಟಿ, 30ಕ್ಕೂ ಹೆಚ್ಚು ಕಾದಂಬರಿ ಬರೆದವರು. 1959ರ 'ಫಕೀರಾ' ಇಂದಿಗೂ ಓದಿಸಿಕೊಳ್ಳುತ್ತದೆ. ನೋಡಿ, ಬಡತನ ಎಂಥ ಪ್ರತಿಭೆಯನ್ನು ಅರಳಿಸಿತು ಎನ್ನುತ್ತಾರೆ. ಅವರು 1969ರಲ್ಲಿ, 50 ತುಂಬುವ ಮೊದಲೇ, ಬಡತನದಲ್ಲೇ ತೀರಿಕೊಂಡರು ಎಂಬುದನ್ನು ಅದೇ ಉಸಿರಿನಲ್ಲಿ ಹೇಳುವುದಿಲ್ಲ. ಅಣ್ಣಾಭಾವು ತಮಾಷಾದ ಕಟ್ಟನ್ನು ಒಪ್ಪಿಕೊಂಡು, ಅದರ ಮೊದಲಿಗೆ ಬರುವ ಗಣಪತಿ ಸ್ತುತಿಯನ್ನು ತೆಗೆದು, ಅಲ್ಲಿ ನೆಲಕ್ಕೂ ಹುತಾತ್ಮರಿಗೂ ನಮಸ್ಕಾರ ಇಟ್ಟರು. ಅದು ಕಲಾವಿದ ತಾನೇ ಕೈಗೆ ತೆಗೆದುಕೊಂಡ ಮಿತಿ, ಅದರೊಳಗೆ ಅವರು ರಾಜ. ಹಸಿವನ್ನು ಅವರು ಆರಿಸಿಕೊಂಡಿರಲಿಲ್ಲ. ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ 'ಕಷ್ಟ' ಎಂದು ಕರೆಯುವುದು ಜಾಣತನದ ಮೋಸ.

ಆರಿಸಿಕೊಂಡ ಮಿತಿಗೂ ದಂಡ ತೆರಬೇಕಾಗುತ್ತದೆ. ಬೀದಿಗೆ ಗೋಡೆಯಿಲ್ಲ. ಬರುವವರು ನಾಲ್ಕೂ ಕಡೆಯಿಂದ ಬರಬಹುದು, ದೊಣ್ಣೆಯವರೂ ಸಹ. 1989ರ ಜನವರಿ 1ರಂದು ಸಾಹಿಬಾಬಾದಿನ ಝಂಡಾಪುರದ ಅಂಬೇಡ್ಕರ್ ಪಾರ್ಕಿನಲ್ಲಿ 'ಹಲ್ಲಾ ಬೋಲ್' ಆಡುತ್ತಿದ್ದಾಗ ಜನ ನಾಟ್ಯ ಮಂಚ್ ಮೇಲೆ ಹಲ್ಲೆಯಾಯಿತು. ರಾಮ್ ಬಹಾದೂರ್ ಎಂಬ ಕಾರ್ಮಿಕ ಸತ್ತರು. ಮರುದಿನ ಸಫ್ದರ್ ತೀರಿಕೊಂಡರು, 34 ವರ್ಷ. ಜನವರಿ 4ರಂದು ಅವರ ಹೆಂಡತಿ ಮಲಯಶ್ರೀ ಮತ್ತು ತಂಡದವರು ಅದೇ ಜಾಗಕ್ಕೆ ಹೋಗಿ, ಅರ್ಧಕ್ಕೆ ನಿಂತಿದ್ದ ನಾಟಕವನ್ನು ಪೂರ್ತಿ ಆಡಿ ಬಂದರು. ರಂಗಮಂದಿರಗಳಲ್ಲಿ ಮಿತಿಯ ಸೊಗಸನ್ನು ಕುರಿತು ಉಪನ್ಯಾಸ ಕೊಡುವವರು ಈ ಲೆಕ್ಕವನ್ನೂ ಸೇರಿಸಿಕೊಳ್ಳಲಿ.

ಇಂದು ಬೀದಿ ನಾಟಕ ಇಲ್ಲದ ಊರಿಲ್ಲ. ಇಲಾಖೆಗಳು ಆಡಿಸುತ್ತವೆ, ಸಂಸ್ಥೆಗಳು ಆಡಿಸುತ್ತವೆ. ಶೌಚಾಲಯ ಕಟ್ಟಿಸಿಕೊಳ್ಳಿ, ವಿಮೆ ಮಾಡಿಸಿ, ಕೈ ತೊಳೆಯಿರಿ. ದಿನಕ್ಕೆ ಇಷ್ಟು ಊರು, ಊರಿಗೆ ಇಷ್ಟು ನಿಮಿಷ, ಫೋಟೋ ತೆಗೆದು ಕಳಿಸಿದರೆ ಬಿಲ್ಲು ಪಾಸು. ಹೊತ್ತಿನ ಮಿತಿ ಇಲ್ಲೂ ಇದೆ, ಮಷೀನ್‌ಗಿಂತ ಬಿಗಿಯಾಗಿಯೇ ಇದೆ. ಹಾಗಿದ್ದೂ ಆ ನಾಟಕಗಳು ಯಾಕೆ ಸತ್ತಂತಿರುತ್ತವೆ? ಕುಡುಕ ಗಂಡ, ಅಳುವ ಹೆಂಡತಿ, ಬುದ್ಧಿ ಹೇಳುವ ಮೇಷ್ಟ್ರು, ಕೊನೆಗೊಂದು ಹಾಡು. ಆ ನಿಮಿಷಗಳನ್ನು ಎಣಿಸಿದವರು ಎಲ್ಲೋ ಕಚೇರಿಯಲ್ಲಿ ಕೂತವರು. ಎದುರಿಗೆ ನಿಂತ ಕೂಲಿಯವಳ ಹೊತ್ತಿನ ಲೆಕ್ಕ ಅದರಲ್ಲಿ ಎಲ್ಲೂ ಇಲ್ಲ. ಕಲಾವಿದರನ್ನು ನಾವು ದೂರುತ್ತಿಲ್ಲ, ಅವರಿಗೂ ಹೊಟ್ಟೆಪಾಡು. ನಮ್ಮ ಹುಡುಗರೇ ಅದರಲ್ಲಿ ಬಹಳ ಜನ ಇದ್ದಾರೆ, ತಮಟೆ ಎತ್ತಿದರೆ ಊರು ನಡುಗಿಸುವಂಥವರು. ಶಾಲಾ ಸ್ಪರ್ಧೆಗಳಲ್ಲೂ ಕತೆ ಅಷ್ಟೆ. ಗಂಟೆ ಬಾರಿಸಿ ಮಕ್ಕಳನ್ನು ಕೆಳಗಿಳಿಸುವ ಮೇಷ್ಟ್ರುಗಳು, ಆ ಐದು ನಿಮಿಷಕ್ಕೆ ಏನು ಹೇಳಬೇಕೆನ್ನುವುದನ್ನು ಒಮ್ಮೆ ಮಕ್ಕಳನ್ನೇ ಕೇಳಿ ನೋಡಬಹುದು.

ಸಫ್ದರ್ ಹಾಶ್ಮಿಯವರಿಗೆ ಈ ಸೂಕ್ಷ್ಮ ಚೆನ್ನಾಗಿ ತಿಳಿದಿತ್ತು. ಬೀದಿ ನಾಟಕವೇ ಜನರದು, ರಂಗಮಂದಿರದ ಚೌಕಟ್ಟು ಉಳ್ಳವರದು ಎಂದು ಕೆಲವರು ವಾದ ಹೂಡಿದಾಗ ಅವರು ಅದನ್ನು ಒಪ್ಪಲಿಲ್ಲ. ಆ ಚೌಕಟ್ಟನ್ನು ಯಾರೂ ಉಳ್ಳವರಿಗೆ ಬರೆದುಕೊಟ್ಟಿಲ್ಲ, ಅದೂ ನಮಗೆ ಬೇಕು ಎಂಬುದು ಅವರ ನಿಲುವು. 1988ರಲ್ಲಿ ಹಬೀಬ್ ತನ್ವೀರ್ ಜೊತೆ ಸೇರಿ ಪ್ರೇಮಚಂದರ ಕತೆಯೊಂದನ್ನು 'ಮೋಟೇರಾಮ್ ಕಾ ಸತ್ಯಾಗ್ರಹ' ಎಂದು ರಂಗದ ಮೇಲೆ ತಂದರು. ಮಷೀನ್ ಮಾಡಿದ ಹತ್ತು ವರ್ಷದ ಮೇಲೂ ಅವರಿಗೆ ಪರದೆ, ದೀಪ, ಎರಡು ಗಂಟೆ ಬೇಕಿತ್ತು. ಇದನ್ನು ಬೀದಿಗೆ ಬೆನ್ನು ತೋರಿಸಿದ್ದು ಎಂದು ಓದುವವರು ಬಡತನವನ್ನು ವ್ರತ ಮಾಡಿಕೊಂಡವರು.

ದಲಿತ ಬಂಡಾಯದ ನಮ್ಮ ಬರಹವೂ ಬಹುಕಾಲ ಕರಪತ್ರದ ಅಳತೆಯಲ್ಲಿ, ಮೆರವಣಿಗೆಯ ಹಾಡಿನ ಅಳತೆಯಲ್ಲಿ ಬೆಳೆಯಿತು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂದಾಗ ಅದರ ಬಲ ಇದ್ದದ್ದೇ ನಡೆಯುತ್ತ ಹಾಡಬಲ್ಲ ಸಾಲಿನಲ್ಲಿ. ದೇವನೂರ ಮಹಾದೇವ 1984ರ 'ಕುಸುಮಬಾಲೆ'ಯಲ್ಲಿ ಇನ್ನೊಂದು ಬಗೆಯ ಕಟ್ಟು ಹಾಕಿಕೊಂಡರು: ತಮ್ಮ ಸೀಮೆಯ ಆಡುಮಾತನ್ನು ಬಿಟ್ಟು ಹೊರಗೆ ಹೆಜ್ಜೆ ಇಡುವುದಿಲ್ಲ ಎಂಬಂತೆ ಬರೆದರು. ಓದಲು ಕಷ್ಟ ಎಂದು ಗೊಣಗಿದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆ ಕಟ್ಟಿನಿಂದಲೇ ಕನ್ನಡ ಗದ್ಯಕ್ಕೆ ಬೇರೆಲ್ಲೂ ಸಿಗದ ಒಂದು ದನಿ ಬಂತು. ಇಬ್ಬರೂ ತಮ್ಮ ಮಿತಿಯನ್ನು ತಾವೇ ಗೀಚಿಕೊಂಡವರು, ಯಾರ ಮುಂದೆ ನಿಂತು ಮಾತಾಡುತ್ತಿದ್ದೇವೆ ಎಂದು ತಿಳಿದು ಗೀಚಿಕೊಂಡವರು.

ಜನ ನಾಟ್ಯ ಮಂಚ್‌ನವರು 2012ರಲ್ಲಿ ದೆಹಲಿಯ ಶಾದಿ ಖಾಂಪುರದಲ್ಲಿ 'ಸ್ಟುಡಿಯೋ ಸಫ್ದರ್' ಎಂದು ಒಂದು ಸಣ್ಣ ಜಾಗ ಮಾಡಿಕೊಂಡರು. ಬೀದಿಯಲ್ಲೇ ಹೆಸರು ಮಾಡಿದ ತಂಡಕ್ಕೆ ತಾಲೀಮಿಗೆ ತನ್ನದೇ ಒಂದು ಸೂರು ಸಿಗಲು 39 ವರ್ಷ ಹಿಡಿಯಿತು. ಸೂರು ಬಂದ ಮೇಲೂ ಅವರು ಬೀದಿ ಬಿಡಲಿಲ್ಲ. ನಮ್ಮ ಎಷ್ಟೋ ಊರುಗಳಲ್ಲಿ ಅಂಬೇಡ್ಕರ್ ಭವನ, ಸಮುದಾಯ ಭವನ ಎಂದು ಕಟ್ಟಿಸಿದ್ದಾರೆ. ಕೆಲವು ಕಡೆ ಸಿಮೆಂಟ್ ಮೂಟೆ ಇಟ್ಟಿದ್ದಾರೆ, ಕೆಲವು ಕಡೆ ಬೀಗದ ಕೈ ಊರಿನ ಯಾವುದೋ ದೊಡ್ಡ ಮನೆಯಲ್ಲಿದೆ. ತಮಟೆ ಹಿಡಿದ ಹುಡುಗರು ಬೀದಿ ದೀಪದ ಕೆಳಗೇ ತಾಲೀಮು ಮಾಡುತ್ತಿದ್ದಾರೆ. ಮೊದಲು ಆ ಬೀಗದ ಕೈ ಕೇಳಿ ಇಸಿದುಕೊಳ್ಳೋಣ. 13 ನಿಮಿಷದ್ದು ಆಡಬೇಕೋ ಮೂರು ಗಂಟೆಯದೋ, ಒಳಗೆ ಕೂತು ಆ ಹುಡುಗರೇ ತೀರ್ಮಾನ ಮಾಡಲಿ.